ಕಡಲ ಮೇಲಿನ ಕುಲುಮೆ

ಯುದ್ಧನೌಕೆಯೊಂದರ ಸೇವಾಚರಿತ್ರೆ ಎಂಬುದು ಬಹುಮಟ್ಟಿಗೆ ದಿನಾಂಕಗಳ ಪಟ್ಟಿ. ಅದನ್ನು ಕಟ್ಟಿದ ಹಡಗುಕಟ್ಟೆ, ನೀರಿಗಿಳಿಸಿದ ದಿನ, ನೌಕಾಪಡೆಗೆ ಸೇರಿದ ದಿನ, ಸುತ್ತಿದ ಕಡಲುಗಳು, ಹೋರಾಡಿದ ಕಾಳಗಗಳು, ಕೊನೆಗೆ ಗುಜರಿಗೆ ಹೋದ ವರ್ಷ, ಇಷ್ಟು ಸಿಕ್ಕಿದರೆ ಸಾಮಾನ್ಯ ಓದುಗರಿಗೆ ತೃಪ್ತಿಯಾಗುತ್ತದೆ. ಇಂತಹ ಪಟ್ಟಿಗಳನ್ನು ಬಹುಕಾಲ ಓದಿ ಪಳಗಿದವರ ಕಣ್ಣು ಮಾತ್ರ ಎರಡು ಕಾಳಗಗಳ ನಡುವೆ ‘ದುರಸ್ತಿ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುವ ವಾರಗಳ ಮೇಲೆ ನಿಲ್ಲುತ್ತದೆ. ಹಡಗು ಉಳಿಯುವುದೋ ಮುಳುಗುವುದೋ, ಮುಂದಿನ ಕಾಳಗಕ್ಕೆ ಹೊತ್ತಿಗೆ ಸರಿಯಾಗಿ ತಲುಪುವುದೋ ಇಲ್ಲವೋ ಎಂಬುದು ಎಷ್ಟೋ ಸಲ ತೀರ್ಮಾನವಾಗುವುದು ಆ ವಾರಗಳಲ್ಲಿ. ಆ ವಾರಗಳ ಹಿಂದೆ ನಿಂತಿದ್ದ ದುರಸ್ತಿ ನೌಕೆಗಳ ಹೆಸರು ಹೆಚ್ಚಿನ ಓದುಗರ ಕಿವಿಗೆ ಬಿದ್ದಿರುವುದೇ ಇಲ್ಲ.

ಕಡಲಿನಿಂದ ಬಹುದೂರ, ದಖನ್ ಪ್ರಸ್ಥಭೂಮಿಯ ನಡುವೆ ಇರುವ ಹೈದರಾಬಾದಿಗೂ ಈ ವಿಷಯಕ್ಕೂ ನಂಟಿದೆ. ಎರಡನೆಯ ಮಹಾಯುದ್ಧದಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ಸಂಬಂಧಿಸಿದ ಹೆಸರುಗಳನ್ನು ಹೊತ್ತ ಎರಡು ನೌಕೆಗಳು ಕಡಲಿಗಿಳಿದವು. ಒಂದು, ಹಡಗುಗಳ ಸಾಲಿಗೆ ಬೆಂಗಾವಲಾಗಿ ಸಾಗುವ ಕಾರ್ವೆಟ್ ಎಂಬ ಸಣ್ಣ ಜಾತಿಯ ‘ಹೈದರಾಬಾದ್’. ಬ್ರಿಟಿಷ್ ನೌಕಾಪಡೆಯಲ್ಲಿ ಆ ವರ್ಗದ ನೌಕೆಗಳಿಗೆ ಹೂಗಿಡಗಳ ಹೆಸರಿಡುವ ರೂಢಿಯಿತ್ತು. ಈ ನೌಕೆಗೂ ಮೊದಲಿಗೆ ಗೊತ್ತುಮಾಡಿದ್ದು ತುರಿಕೆ ಗಿಡದ ಹೆಸರು, ಆಮೇಲೆ ಅದನ್ನು ಬಿಟ್ಟು ಹೈದರಾಬಾದ್ ಎಂದು ಕರೆಯಲಾಯಿತು. 1942ರ ಮೇ ತಿಂಗಳಲ್ಲಿ ಐಸ್‌ಲ್ಯಾಂಡಿನಿಂದ ರಷ್ಯಾಕ್ಕೆ ಸರಕು ಸಾಗಿಸಿದ ಪಿಕ್ಯೂ-16 ಎಂಬ ಸಾಲಿನ ಬೆಂಗಾವಲಿನಲ್ಲಿ ಅದು ಇತ್ತು. ಇನ್ನೊಂದು, ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಗೌರವಾರ್ಥ ‘ನಿಜಾಮ್’ ಎಂದೇ ಹೆಸರಿಸಿದ ಡಿಸ್ಟ್ರಾಯರ್. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದಿಗೇ ಸೇರಿದ್ದವು; ಅಲ್ಲಿನ ಕನ್ನಡಿಗರ ದೊರೆಯ ಬಿರುದೇ ಹೀಗೆ ಒಂದು ಯುದ್ಧನೌಕೆಯ ಹೆಸರಾಯಿತು.

ಡಿಸ್ಟ್ರಾಯರ್ ಎಂದರೆ ದೊಡ್ಡ ಹಡಗುಗಳಿಗೆ ಕಾವಲಾಗಿ, ಜಲಾಂತರ್ಗಾಮಿಗಳನ್ನು ಬೇಟೆಯಾಡುತ್ತ, ಬೇಕಾದಾಗ ಸೈನಿಕರನ್ನೂ ಸಾಮಾನನ್ನೂ ಹೊತ್ತು ಓಡುವ, ವೇಗವೇ ಬಲವಾಗಿರುವ ಯುದ್ಧನೌಕೆ. ‘ನಿಜಾಮ್’ ಸ್ಕಾಟ್‌ಲ್ಯಾಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ಜಾನ್ ಬ್ರೌನ್ ಕಂಪನಿಯ ಕಟ್ಟೆಯಲ್ಲಿ ಸಿದ್ಧವಾಗಿ, 1940ರ ಜುಲೈ 4ರಂದು ನೀರಿಗಿಳಿದು, 1941ರ ಜನವರಿ 8ರಂದು ಸೇವೆಗೆ ಸೇರಿತು. ಒಡೆತನ ಬ್ರಿಟಿಷ್ ನೌಕಾಪಡೆಯದು, ನಡೆಸಿದವರು ಆಸ್ಟ್ರೇಲಿಯದ ನಾವಿಕರು, ಹೆಸರು ದಖನ್ನಿನದು. ಸುಮಾರು 108 ಮೀಟರ್ ಉದ್ದದ ಆ ತೆಳುಮೈಯ ನೌಕೆಯನ್ನು ಗಂಟೆಗೆ 36 ನಾಟಿಕಲ್ ಮೈಲಿಗಳ ವೇಗದಲ್ಲಿ ಓಡಿಸಲು 40,000 ಅಶ್ವಶಕ್ತಿಯ ಉಗಿ ಟರ್ಬೈನ್‌ಗಳಿದ್ದವು. ಅವಕ್ಕೆ ಉಗಿ ಒದಗಿಸಲು ಇದ್ದದ್ದು ಎರಡೇ ಬಾಯ್ಲರ್. ಹಿಂದಿನ ಡಿಸ್ಟ್ರಾಯರ್‌ಗಳಲ್ಲಿ ಮೂರು ಬಾಯ್ಲರ್ ಇಡುವುದು ವಾಡಿಕೆಯಾಗಿತ್ತು. ಈ ವಿನ್ಯಾಸದಲ್ಲಿ ಜಾಗ ಉಳಿಸಲೆಂದು ಒಂದನ್ನು ಕಡಿಮೆ ಮಾಡಿದರು. ಒಂದು ಬಾಯ್ಲರ್ ಕೆಟ್ಟರೆ ಅರ್ಧ ಶಕ್ತಿಯೇ ಹೋಯಿತು ಎಂಬುದು ಆ ಉಳಿತಾಯದ ಬೆಲೆ.

ಯಂತ್ರ ಕೈಕೊಟ್ಟಾಗ ತೆರಬೇಕಾದ ಬೆಲೆಯನ್ನು ಅರ್ಥಮಾಡಿಕೊಳ್ಳಲು 1941ರ ಮೇ ತಿಂಗಳ ಕೊನೆಯ ದಿನಗಳಿಗಿಂತ ಒಳ್ಳೆಯ ನಿದರ್ಶನವಿಲ್ಲ. ಜರ್ಮನ್ ಪ್ಯಾರಾಶೂಟ್ ಪಡೆಗಳು ಗ್ರೀಸಿನ ಕ್ರೀಟ್ ದ್ವೀಪವನ್ನು ವಶಪಡಿಸಿಕೊಳ್ಳುತ್ತಿದ್ದಾಗ, ದ್ವೀಪದ ದಕ್ಷಿಣ ತೀರದ ಸ್ಫಾಕಿಯಾ ಎಂಬ ಪುಟ್ಟ ಹಳ್ಳಿಗೆ ಇಳಿದು ಬಂದ ಮಿತ್ರಪಡೆಗಳ ಸೈನಿಕರನ್ನು ರಾತ್ರೋರಾತ್ರಿ ಹಡಗು ಹತ್ತಿಸಿ ಈಜಿಪ್ಟಿನ ಅಲೆಕ್ಸಾಂಡ್ರಿಯಕ್ಕೆ ಸಾಗಿಸುವ ಕೆಲಸ ಬ್ರಿಟನ್ನಿನ ಮೆಡಿಟರೇನಿಯನ್ ನೌಕಾಪಡೆಯ ಪಾಲಿಗೆ ಬಂತು. ಮೇ 30ರಂದು ನೇಪಿಯರ್, ನಿಜಾಮ್, ಕೆಲ್ವಿನ್, ಕಂದಹಾರ್ ಎಂಬ ನಾಲ್ಕು ಡಿಸ್ಟ್ರಾಯರ್‌ಗಳು ಅಲೆಕ್ಸಾಂಡ್ರಿಯದಿಂದ ಹೊರಟವು. ದಾರಿಯಲ್ಲಿ ಕಂದಹಾರ್ ಯಂತ್ರದೋಷದಿಂದ ಹಿಂದಿರುಗಬೇಕಾಯಿತು. ಕೆಲ್ವಿನ್‌ನ ಬಗಲಿನಲ್ಲೇ ಬಾಂಬು ಬಿದ್ದು ವೇಗ ಕುಗ್ಗಿದ್ದರಿಂದ ಅದನ್ನೂ ಹಿಂದಕ್ಕೆ ಕಳುಹಿಸಬೇಕಾಯಿತು. ಉಳಿದ ಎರಡೇ ನೌಕೆಗಳು ಆ ರಾತ್ರಿ 1,400ಕ್ಕೂ ಹೆಚ್ಚು ಸೈನಿಕರನ್ನು, ನಿಲ್ಲಲೂ ಎಡೆಯಿಲ್ಲದಂತೆ ತುಂಬಿಕೊಂಡು ಹೊರಟವು. ಮರುದಿನ ಬೆಳಗಿನ ವಿಮಾನದಾಳಿಯಲ್ಲಿ ನೇಪಿಯರ್‌ನ ಯಂತ್ರಗಳಿಗೆ ಪೆಟ್ಟಾಯಿತು, ನಿಜಾಮ್‌ಗೂ ಚಿಕ್ಕಪುಟ್ಟ ಹಾನಿಯಾಯಿತು. ಆದರೂ ಎರಡೂ ಬಂದರು ಮುಟ್ಟಿದವು. ಕ್ರೀಟಿನಲ್ಲಿ ಉಳಿದುಹೋದ ಸಾವಿರಾರು ಮಂದಿ ಸೆರೆಯಾಳುಗಳಾದರು. ಹೊರಟ ನಾಲ್ಕೂ ನೌಕೆಗಳು ಸ್ಫಾಕಿಯಾ ತಲುಪಿದ್ದರೆ ಆ ಸಂಖ್ಯೆ ಎಷ್ಟು ಇಳಿಯುತ್ತಿತ್ತು ಎಂದು ಲೆಕ್ಕ ಹಾಕುವುದು ಕಷ್ಟವೇನಲ್ಲ. ಕಂದಹಾರ್ ಹಿಂದಿರುಗಿದ್ದು ಶತ್ರುವಿನ ಗುಂಡಿಗೆ ಸಿಕ್ಕಿ ಅಲ್ಲ, ಬಿಡುವಿಲ್ಲದೆ ದುಡಿದ ಯಂತ್ರ ಕೈಕೊಟ್ಟದ್ದರಿಂದ ಎಂಬುದನ್ನು ಗಮನಿಸಿದರೆ, ದುರಸ್ತಿಯೆಂಬುದು ಯುದ್ಧದ ಹಿತ್ತಿಲ ಕೆಲಸವಲ್ಲ, ಯುದ್ಧದ ನಡುಮನೆಯ ಕೆಲಸ ಎಂಬುದು ಸ್ಪಷ್ಟವಾಗುತ್ತದೆ.

ಆ ದಿನಗಳಲ್ಲಿ ಅಲೆಕ್ಸಾಂಡ್ರಿಯದಲ್ಲಿ ಪೆಟ್ಟು ತಿಂದು ಬಂದ ಹಡಗುಗಳಿಗೆ ಆಸರೆಯಾಗಿದ್ದವುಗಳಲ್ಲಿ ‘ರಿಸೋರ್ಸ್’ ಎಂಬ ದುರಸ್ತಿ ನೌಕೆ ಮುಖ್ಯವಾದದ್ದು. ದುರಸ್ತಿ ನೌಕೆಗಳಲ್ಲಿ ಬಹುಪಾಲು ಹಳೆಯ ಹಡಗುಗಳನ್ನು ಮಾರ್ಪಡಿಸಿ ಮಾಡಿದಂಥವು. ಇದು ಹಾಗಲ್ಲ, ಮೊದಲ ರೇಖೆಯಿಂದಲೇ ದುರಸ್ತಿಗೆಂದು ಯೋಜಿಸಿ, ಇಂಗ್ಲೆಂಡಿನ ಬ್ಯಾರೋ ಎಂಬಲ್ಲಿ ಕಟ್ಟಿ, 1928ರ ನವೆಂಬರಿನಲ್ಲಿ ನೀರಿಗಿಳಿಸಿದ 12,000 ಟನ್ನಿಗೂ ಹೆಚ್ಚು ತೂಕದ ಹಡಗು. ಇಂತಹ ನೌಕೆಯ ಒಡಲಿನಲ್ಲಿ ಲೋಹ ಕರಗಿಸಿ ಅಚ್ಚಿಗೆ ಹೊಯ್ಯುವ ಎರಕಶಾಲೆ, ಕಬ್ಬಿಣ ಕಾಯಿಸಿ ಬಡಿಯುವ ಕುಲುಮೆ, ಲೇತುಗಳೂ ಕೊರೆಯುವ ಯಂತ್ರಗಳೂ ಸಾಲಾಗಿ ನಿಂತ ಯಂತ್ರಶಾಲೆ, ಎರಕಕ್ಕೆ ಮರದ ಮಾದರಿ ಮಾಡುವ ಬಡಗಿಶಾಲೆ, ತಾಮ್ರದ ಕೊಳವೆಗಳನ್ನು ಬಾಗಿಸುವ ಕಂಚುಗಾರರ ಜಾಗ, ವಿದ್ಯುತ್ ಮೋಟಾರುಗಳ ತಂತಿ ಸುತ್ತುವ ಕೋಣೆ, ದೂರದರ್ಶಕಗಳ ಮಸೂರ ಸರಿಪಡಿಸುವ ಕೋಣೆ ಎಲ್ಲವೂ ಇರುತ್ತವೆ. ಕೆಟ್ಟ ಹಡಗು ಇದರ ಮಗ್ಗುಲಿಗೆ ಬಂದು ಕಟ್ಟಿಕೊಳ್ಳುತ್ತದೆ. ಉಗಿ, ವಿದ್ಯುತ್ತು, ಸಿಹಿನೀರು ಇದರಿಂದ ಅದಕ್ಕೆ ಹರಿಯುತ್ತವೆ. ಕುಶಲಕರ್ಮಿಗಳು ಆ ಕಡೆಗೆ ದಾಟುತ್ತಾರೆ, ಒಡೆದ ಭಾಗಗಳು ಈ ಕಡೆಗೆ ಬರುತ್ತವೆ. ಹಡಗಿನ ತಳವನ್ನೇ ನೀರಿನಿಂದ ಮೇಲೆತ್ತಿ ಮಾಡಬೇಕಾದ ಕೆಲಸಕ್ಕೆ ಮಾತ್ರ ಒಣಕಟ್ಟೆ ಬೇಕು. ಉಳಿದದ್ದರಲ್ಲಿ ಬಹುಭಾಗ ಇಲ್ಲಿಯೇ ಮುಗಿಯುತ್ತದೆ.

ಬಾಂಬು ಹಡಗಿನ ಮೇಲೆ ಬೀಳದೆ ಬಗಲಿನ ನೀರಿನಲ್ಲಿ ಸಿಡಿದಾಗ ಆಗುವ ಹಾನಿಯೇ ಈ ಕರ್ಮಿಗಳಿಗೆ ಹೆಚ್ಚು ತಲೆನೋವು ತರುವಂಥದ್ದು. ನೀರು ಬಹುಮಟ್ಟಿಗೆ ಕುಗ್ಗುವುದಿಲ್ಲವಾದ್ದರಿಂದ ಸ್ಫೋಟದ ಆಘಾತ ಹೆಚ್ಚು ಕುಂದದೆ ಹಡಗಿನ ಮೈಗೆ ಬಡಿಯುತ್ತದೆ. ಹೊರಗಿನಿಂದ ನೋಡಿದರೆ ಒಂದು ತೂತೂ ಕಾಣದಿರಬಹುದು, ಆದರೆ ಒಳಗೆ ಎರಕದ ಕಬ್ಬಿಣದ ಆಧಾರಗಳು ಬಿರುಕು ಬಿಟ್ಟಿರುತ್ತವೆ, ಕೊಳವೆಗಳ ಸಂದುಗಳು ಸಡಿಲಗೊಂಡಿರುತ್ತವೆ, ತಿರುಗುವ ದಂಡಗಳು ಕೂದಲೆಳೆಯಷ್ಟು ಓರೆಯಾಗಿರುತ್ತವೆ.

ಅಂತಹ ಓರೆಯಿಂದ ಮೊದಲು ಕೆಡುವುದು ಬೇರಿಂಗ್, ಅಂದರೆ ತಿರುಗುವ ದಂಡವನ್ನು ಹೊತ್ತುಕೊಳ್ಳುವ ಬಟ್ಟಲು. ಅದರ ಒಳಮೈಗೆ ತವರ, ಆಂಟಿಮನಿ, ತಾಮ್ರ ಬೆರೆಸಿದ ವೈಟ್ ಮೆಟಲ್ ಎಂಬ ಮೆತ್ತನೆಯ ಮಿಶ್ರಲೋಹದ ಹೊದಿಕೆಯಿರುತ್ತದೆ. ದಂಡ ಹಾಳಾಗುವ ಬದಲು ಹೊದಿಕೆ ಹಾಳಾಗಲಿ ಎಂಬುದೇ ಅದರ ಉದ್ದೇಶ. ಕೆಟ್ಟ ಹೊದಿಕೆಯನ್ನು ಕಾಯಿಸಿ ಕರಗಿಸಿ ತೆಗೆದು, ಬಟ್ಟಲನ್ನು ಶುದ್ಧಗೊಳಿಸಿ, ಹೊಸ ಲೋಹ ಅಂಟಿಕೊಳ್ಳುವಂತೆ ತವರದ ತೆಳು ಕಲಾಯಿ ಹಾಕಿ, ನಡುವೆ ಅಚ್ಚು ನಿಲ್ಲಿಸಿ ಕರಗಿದ ಮಿಶ್ರಲೋಹವನ್ನು ಒಂದೇ ಧಾರೆಯಲ್ಲಿ ಹೊಯ್ಯಬೇಕು. ಧಾರೆ ತುಂಡಾದರೆ ಒಳಗೆ ಗಾಳಿಗುಳ್ಳೆ ನಿಲ್ಲುತ್ತದೆ. ಆಮೇಲೆ ಲೇತಿನಲ್ಲಿ ಅಳತೆಗೆ ಕೊರೆದು, ದಂಡಕ್ಕೆ ನೀಲಿ ಬಣ್ಣವನ್ನು ತೆಳ್ಳಗೆ ಸವರಿ, ಬಟ್ಟಲಿನಲ್ಲಿ ಕೂರಿಸಿ ತಿರುಗಿಸುತ್ತಾರೆ. ಒಳಮೈಯಲ್ಲಿ ಎಲ್ಲಿ ನೀಲಿ ತಾಗಿದೆಯೋ ಅಲ್ಲಿ ಉಬ್ಬಿದೆ ಎಂದರ್ಥ. ಅಷ್ಟನ್ನೇ ಕೈಯುಳಿಯಿಂದ ಹೆರೆದು, ಮತ್ತೆ ಬಣ್ಣ ಸವರಿ, ಮತ್ತೆ ಹೆರೆದು, ಮೈತುಂಬ ನೀಲಿ ಚುಕ್ಕೆಗಳು ಸಮನಾಗಿ ಹರಡುವವರೆಗೂ ಇದನ್ನೇ ಮಾಡುತ್ತ ಹೋಗಬೇಕು. ಯಂತ್ರ ಮಾಡಲಾಗದ ಕೆಲಸವಿದು. ಅವಸರ ಮಾಡಿದರೆ ಟರ್ಬೈನು ಪೂರ್ಣವೇಗದಲ್ಲಿ ತಿರುಗುವಾಗ ಬೇರಿಂಗ್ ಕಾದು ಕರಗುತ್ತದೆ, ಹಡಗು ನಡುಗಡಲಿನಲ್ಲಿ ನಿಲ್ಲುತ್ತದೆ. ನೌಕಾಚರಿತ್ರೆಯ ಯಾವ ಪದಕದ ಪಟ್ಟಿಯಲ್ಲೂ ಈ ಕೈಗಳಿಗೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ ಎಂದು ಖಂಡಿತವಾಗಿ ಹೇಳಬಹುದು.

ಯುದ್ಧ ಪೆಸಿಫಿಕ್ ಸಾಗರಕ್ಕೆ ಹೊರಳಿದಾಗ ದುರಸ್ತಿ ನೌಕೆಗಳ ಮಹತ್ವ ಇನ್ನೂ ಹೆಚ್ಚಿತು. 1945ರಲ್ಲಿ ಬ್ರಿಟಿಷ್ ಪೆಸಿಫಿಕ್ ನೌಕಾಪಡೆಯ ಮೂಲನೆಲೆ ಆಸ್ಟ್ರೇಲಿಯದ ಸಿಡ್ನಿಯಲ್ಲಿತ್ತು, ಕಾದಾಟ ನಡೆಯುತ್ತಿದ್ದದ್ದು ಜಪಾನಿನ ಹೊಸ್ತಿಲಿನಲ್ಲಿ. ಆ ಸಾವಿರಾರು ಮೈಲಿಗಳ ನಡುವೆ ಇಂಧನ, ಆಹಾರ, ಮದ್ದುಗುಂಡು ಹೊತ್ತ ಹಡಗುಗಳ ಜೊತೆಗೆ ದುರಸ್ತಿ ನೌಕೆಗಳನ್ನೂ ಸೇರಿಸಿ ‘ಫ್ಲೀಟ್ ಟ್ರೇನ್’ ಎಂಬ ಸಾಲನ್ನು ಕಟ್ಟಿ, ನ್ಯೂಗಿನಿಯ ಉತ್ತರಕ್ಕಿರುವ ಮಾನುಸ್ ದ್ವೀಪದಂತಹ ಕಡೆ ನಿಲ್ಲಿಸಿದರು. ಹಳೆಯ ‘ರಿಸೋರ್ಸ್’ ಅಲ್ಲಿಗೂ ಬಂತು. ಅದರ ಜೊತೆಗಿದ್ದ ‘ಆರ್ಟಿಫೆಕ್ಸ್’ನ ಕಥೆ ಇನ್ನೂ ಸ್ವಾರಸ್ಯದ್ದು. 1924ರಲ್ಲಿ ಕ್ಯುನಾರ್ಡ್ ಕಂಪನಿಗಾಗಿ ‘ಆರೇನಿಯ’ ಎಂಬ ಹೆಸರಿನಿಂದ ನೀರಿಗಿಳಿದು, ಅಟ್ಲಾಂಟಿಕ್ ದಾಟುವ ಪ್ರಯಾಣಿಕರನ್ನು ಹೊತ್ತ ಹಡಗು ಅದು. 1939ರಲ್ಲಿ ತೋಪು ಹೂಡಿಸಿಕೊಂಡು ಕಾವಲಿಗೆ ನಿಂತಿತು, 1941ರ ಅಕ್ಟೋಬರಿನಲ್ಲಿ ಜರ್ಮನಿಯ ಯು-123 ಜಲಾಂತರ್ಗಾಮಿಯ ಟಾರ್ಪಿಡೊ ತಿಂದೂ ಮುಳುಗದೆ ಉಳಿಯಿತು. ಗಾಯಗೊಂಡ ಆ ಹಡಗನ್ನೇ ಕೊಂಡು, ಪ್ರಯಾಣಿಕರ ಕೋಣೆಗಳನ್ನು ಕಿತ್ತು ಕಾರ್ಖಾನೆ ಮಾಡಿ, ಉಳಿದ ನೌಕೆಗಳ ಗಾಯಕ್ಕೆ ಮದ್ದು ಹಾಕಲು ಕಳುಹಿಸಿದರು. ಕುಶಲಕರ್ಮಿ ಎಂಬರ್ಥದ ಲ್ಯಾಟಿನ್ ಹೆಸರು ಅದಕ್ಕೆ ತಕ್ಕುದಾಗಿಯೇ ಇತ್ತು. ಇದೇ ಪೆಸಿಫಿಕ್ ಪಡೆಯಲ್ಲಿ ‘ನಿಜಾಮ್’ ಕೂಡ ಇತ್ತು. ಅದಕ್ಕೆ ಮುಂಚೆ, 1945ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯದ ನೈಋತ್ಯ ಮೂಲೆಯ ಲ್ಯೂವಿನ್ ಭೂಶಿರದ ಬಳಿ ಭಾರಿ ಅಲೆಯೊಂದು ಹಡಗನ್ನು ಪಕ್ಕಕ್ಕೆ ಕೆಡವಿ ಹತ್ತು ನಾವಿಕರನ್ನು ಕೊಚ್ಚಿಕೊಂಡು ಹೋಗಿತ್ತು; ನಾಲ್ಕು ವರ್ಷಗಳ ಯುದ್ಧಕ್ಕಿಂತ ಆ ಒಂದು ಅಲೆ ಅದಕ್ಕೆ ಕ್ರೂರವಾಯಿತು. 1945ರ ಸೆಪ್ಟೆಂಬರ್ 2ರಂದು ಜಪಾನ್ ಶರಣಾಗತಿಗೆ ಸಹಿ ಹಾಕಿದಾಗ ಹೈದರಾಬಾದಿನ ದೊರೆಯ ಹೆಸರು ಹೊತ್ತ ನೌಕೆ ಟೋಕಿಯೊ ಕೊಲ್ಲಿಯಲ್ಲಿತ್ತು. ಅದನ್ನು 1955ರಲ್ಲಿ ಗುಜರಿಗೆ ಒಡೆದರು. ‘ರಿಸೋರ್ಸ್’ ಹಿಂದಿನ ವರ್ಷವೇ ಹೋಗಿತ್ತು.

ಸ್ವತಂತ್ರ ಭಾರತದ ನೌಕಾಪಡೆಯೂ ಈ ಪಾಠವನ್ನು ಬೇಗನೆ ಕಲಿಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆನಡದಲ್ಲಿ ಕಟ್ಟಿದ್ದ ಸರಕು ಹಡಗೊಂದನ್ನು ಮಾರ್ಪಡಿಸಿ, ‘ಐಎನ್ಎಸ್ ಧಾರಿಣಿ’ ಎಂಬ ಹೆಸರಿನಲ್ಲಿ ದುರಸ್ತಿ ಮತ್ತು ಸರಬರಾಜು ನೌಕೆಯಾಗಿ 1960ರಲ್ಲಿ ಸೇವೆಗೆ ಸೇರಿಸಿಕೊಂಡಿತು. ಮರುವರ್ಷವೇ ಅದಕ್ಕೆ ಕೆಲಸ ಬಿತ್ತು. 1961ರ ಡಿಸೆಂಬರಿನ ಗೋವಾ ವಿಮೋಚನೆಗೆ ಹೊರಟ ನೌಕಾಪಡೆಯನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿದ್ದರು: ವಿಮಾನವಾಹಕ ನೌಕೆ ‘ವಿಕ್ರಾಂತ’ದ ಸುತ್ತ ಒಂದು, ‘ಮೈಸೂರು’ ಮುಂತಾದ ಕಾದಾಡುವ ನೌಕೆಗಳದು ಇನ್ನೊಂದು, ಕಡಲಿನ ಸಿಡಿಗುಂಡುಗಳನ್ನು ತೆರವು ಮಾಡುವ ‘ಕಾರವಾರ’ ಮೊದಲಾದ ನೌಕೆಗಳದು ಮತ್ತೊಂದು. ಬೆಂಬಲದ ಗುಂಪು ಎಂದು ಕರೆದ ನಾಲ್ಕನೆಯದರಲ್ಲಿ ಇದ್ದದ್ದು ‘ಧಾರಿಣಿ’ ಒಂದೇ. ಡಿಸೆಂಬರ್ 18ರಂದು ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ‘ತ್ರಿಶೂಲ್’, ‘ಮೈಸೂರು’ ನೌಕೆಗಳ ನಾವಿಕರು ಇಳಿದು ಪೋರ್ಚುಗೀಸರೊಡನೆ ಹೋರಾಡಿದ್ದು, ಏಳು ಮಂದಿ ಪ್ರಾಣ ತೆತ್ತದ್ದು ಉತ್ತರ ಕನ್ನಡದವರಿಗೆ ಗೊತ್ತಿರುವ ಸಂಗತಿ. ಅಷ್ಟೊಂದು ನೌಕೆಗಳ ಬೆನ್ನಿಗೆ ಒಂಟಿಯಾಗಿ ನಿಂತಿದ್ದ ‘ಧಾರಿಣಿ’ಯ ಹೆಸರು ಅಲ್ಲಿಯೂ ಅಪರೂಪಕ್ಕೆ ಕೇಳುತ್ತದೆ. ಆಮೇಲೆ 1968ರಲ್ಲಿ ಸೋವಿಯೆತ್ ಒಕ್ಕೂಟದಿಂದ ಜಲಾಂತರ್ಗಾಮಿಗಳ ಪೋಷಕ ನೌಕೆ ‘ಅಂಬಾ’ ಬಂತು, 2006ರವರೆಗೆ ದುಡಿಯಿತು. ಈಗ ನೌಕಾಪಡೆ ದುರಸ್ತಿಯ ಭಾರವನ್ನು ಹೆಚ್ಚಾಗಿ ನೆಲದ ಮೇಲಿನ ಕಟ್ಟೆಗಳಿಗೆ ಬಿಟ್ಟಿದೆ. ಅಂಜದೀವ್‌ನ ನೆರೆಯಲ್ಲೇ, 2005ರಲ್ಲಿ ಆರಂಭವಾದ ಕಾರವಾರದ ಕದಂಬ ನೌಕಾನೆಲೆಯಲ್ಲಿ ಸುಮಾರು 10,000 ಟನ್ ತೂಕದ ಹಡಗನ್ನು ನೀರಿನಿಂದ ಮೇಲೆತ್ತಿ ದಡಕ್ಕೆ ಸರಿಸುವ ವ್ಯವಸ್ಥೆಯಿದೆ.

ಲೇತು, ಉಳಿ, ಎರಕಗಳ ವಿದ್ಯೆ ಹೈದರಾಬಾದಿಗೂ ಹೊಸದಲ್ಲ. ‘ನಿಜಾಮ್’ ಹಿಂದೂ ಮಹಾಸಾಗರದಲ್ಲಿ ಸುತ್ತುತ್ತಿದ್ದ 1943ರಲ್ಲೇ ಸಿಕಂದರಾಬಾದಿನಲ್ಲಿ ಪ್ರಾಗಾ ಟೂಲ್ಸ್ ಕಾರ್ಖಾನೆ ಯಂತ್ರೋಪಕರಣಗಳ ತಯಾರಿಕೆಗೆಂದು ಸ್ಥಾಪನೆಯಾಯಿತು. ಹತ್ತು ವರ್ಷಗಳ ಬಳಿಕ ಬೆಂಗಳೂರಿನಲ್ಲಿ ಎಚ್ಎಂಟಿ ಹುಟ್ಟಿತು. ನೌಕಾಪಡೆಯ ಎಂಜಿನ್ ಕುಶಲಕರ್ಮಿಗಳನ್ನು 1945ರಿಂದ ಲೋಣಾವಳದ ‘ಶಿವಾಜಿ’ ತರಬೇತಿ ಕೇಂದ್ರ ಪಳಗಿಸುತ್ತ ಬಂದಿದೆ. ‘ಧಾರಿಣಿ’ಯ, ‘ಅಂಬಾ’ದ ಯಂತ್ರಶಾಲೆಗಳಲ್ಲಿ ದುಡಿದು ನಿವೃತ್ತರಾದ ಕನ್ನಡಿಗರು ಕಾರವಾರ, ಬೆಳಗಾವಿ, ಬೆಂಗಳೂರು, ಹೈದರಾಬಾದ್ ಎಲ್ಲಿಯೇ ಇರಲಿ, ಅವರೂ ಅವರ ಮನೆಯವರೂ ಒಂದು ಕೆಲಸ ಮಾಡಬೇಕು: ಯಾವ ವರ್ಷ ಯಾವ ನೌಕೆ ಮಗ್ಗುಲಿಗೆ ಬಂತು, ಏನು ಮುರಿದಿತ್ತು, ಅದನ್ನು ಹೇಗೆ ಸರಿಪಡಿಸಿದರು ಎಂಬುದನ್ನು ನೆನಪಿರುವಷ್ಟೂ ಕನ್ನಡದಲ್ಲೇ ಬರೆದು, ಹತ್ತಿರದ ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯಕ್ಕೋ ಒಂದು ಪ್ರತಿಯನ್ನು ಒಪ್ಪಿಸಬೇಕು.