ಮೊದಲ ಬದಿಯನ್ನು ಹಾರಿಸಬೇಡಿ

ಸತ್ಕಾರ್ಯಕ್ಕೆಂದು ತಾರೆಗಳೆಲ್ಲ ಒಟ್ಟಾಗಿ ಹೊರತರುವ ಧ್ವನಿಮುದ್ರಿಕೆಗಳನ್ನು ಕಂಡರೆ ರಸಿಕರು ಹುಬ್ಬೇರಿಸುವುದು ಸಹಜ. ಉದ್ದೇಶ ಒಳ್ಳೆಯದೆಂಬ ಕಾರಣಕ್ಕೆ ಸಂಗೀತಕ್ಕೆ ರಿಯಾಯಿತಿ ಕೊಟ್ಟು ಕೇಳಬೇಕಾಗುತ್ತದೆ. ತಲೆಗೊಂದು ಸಾಲಿನಂತೆ ಹಂಚಿಕೊಂಡು ಹಾಡಿದಾಗ ಮುಖಗಳು ನೆನಪಿನಲ್ಲಿ ಉಳಿಯುತ್ತವೆ, ಹಾಡು ಜಾರಿಹೋಗುತ್ತದೆ. ಜಾರ್ಜ್ ಹ್ಯಾರಿಸನ್ 1971ರಲ್ಲಿ ಹೊರತಂದ ‘ದಿ ಕಾನ್ಸರ್ಟ್ ಫಾರ್ ಬಾಂಗ್ಲಾದೇಶ್’ ಎಂಬ ಮೂರು ಎಲ್‌ಪಿಗಳ ಪೆಟ್ಟಿಗೆಗೆ ಇಂಥ ರಿಯಾಯಿತಿ ಬೇಕಿಲ್ಲ. ಎರಿಕ್ ಕ್ಲಾಪ್ಟನ್, ಬಾಬ್ ಡಿಲನ್, ರಿಂಗೋ ಸ್ಟಾರ್, ಲಿಯಾನ್ ರಸೆಲ್, ಬಿಲ್ಲಿ ಪ್ರೆಸ್ಟನ್ ಒಂದೇ ವೇದಿಕೆಯಲ್ಲಿದ್ದರು ಎಂಬುದನ್ನೇ ಅದರ ಹೆಗ್ಗಳಿಕೆಯಾಗಿ ಹೇಳುವುದುಂಟು. ನನ್ನ ಲೆಕ್ಕದಲ್ಲಿ ಅದು ಗೆದ್ದದ್ದು ಇಷ್ಟು ದೊಡ್ಡ ಹೆಸರಿನವರು ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟದ್ದರಿಂದ. ಅದಕ್ಕೆ ಮೊದಲ ಸಾಕ್ಷಿ ಮೊದಲ ಎಲ್‌ಪಿಯ ಮೊದಲ ಬದಿ. ಹೆಚ್ಚಿನವರು ಹಾರಿಸಿ ಮುಂದೆ ಹೋಗುವುದೂ ಅದನ್ನೇ.

ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಧ್ಯಾಹ್ನ ಒಂದು, ರಾತ್ರಿ ಒಂದು, ಹೀಗೆ ಎರಡು ಪ್ರದರ್ಶನ. ಸುಮಾರು 40,000 ಜನ. ಅವರಲ್ಲಿ ಬಹುಪಾಲು ಮಂದಿ ಬಂದದ್ದು ಬೀಟಲ್ಸ್‌ನ ಮಾಜಿ ಸದಸ್ಯರನ್ನು ನೋಡಲು. ಆದರೆ ತೆರೆ ಎದ್ದಾಗ ಅವರ ಮುಂದೆ ಕುಳಿತವರು ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ, ತಂಬೂರಿ ಹಿಡಿದ ಕಮಲಾ ಚಕ್ರವರ್ತಿ. ಶ್ರುತಿ ಮಾಡಿಕೊಂಡದ್ದಕ್ಕೇ ಸಭೆ ಚಪ್ಪಾಳೆ ತಟ್ಟಿತು. ಶ್ರುತಿಯೇ ಇಷ್ಟು ಹಿಡಿಸಿದ್ದರೆ ನುಡಿಸಾಣಿಕೆ ಇನ್ನೂ ಹಿಡಿಸೀತು ಎಂದು ರವಿಶಂಕರ್ ನಯವಾಗಿ ಚುಚ್ಚಿದರು. ಆಮೇಲಿನ ‘ಬಾಂಗ್ಲಾ ಧುನ್’ ಪುಟ್ಟ ಆಲಾಪದಿಂದ ಆರಂಭವಾಗಿ, ದಾದ್ರಾದ ಆರು ಮಾತ್ರೆಗಳ ತೂಗಾಟಕ್ಕೆ ಇಳಿದು, ಕೊನೆಗೆ ದ್ರುತ ತೀನ್‌ತಾಲಕ್ಕೆ ಏರುತ್ತದೆ. ಸಿತಾರ್ ಎಸೆದ ತುಣುಕನ್ನು ಸರೋದ್ ತುಸು ಭಾರದ ದನಿಯಲ್ಲಿ ಹಿಂದಿರುಗಿಸುತ್ತದೆ, ನಡುವೆ ತಬಲಾ ಇಬ್ಬರನ್ನೂ ಕೆಣಕುತ್ತದೆ. ಅಲಿ ಅಕ್ಬರರ ಶಿಷ್ಯರಾದ ನಮ್ಮ ರಾಜೀವ ತಾರಾನಾಥರ ಬಾಜನ್ನು ಕೇಳಿದ ಕನ್ನಡ ಕಿವಿಗಳಿಗೆ ಈ ಸರೋದಿನ ಗಾಂಭೀರ್ಯ ಹೊಸದೇನಲ್ಲ.

ಶಾಸ್ತ್ರೀಯ ಸಂಗೀತದ ಬಲ್ಲಿದರ ಆಕ್ಷೇಪ ನನಗೆ ಗೊತ್ತು. ಹದಿನಾರು ನಿಮಿಷದಲ್ಲಿ ಏನು ನುಡಿಸಲು ಸಾಧ್ಯ? ಇದು ರಾಕ್ ಹಬ್ಬಕ್ಕೆ ಕಟ್ಟಿದ ಪೂರ್ವದೇಶದ ತೋರಣವಲ್ಲವೇ? ಇದೇ ಜೋಡಿಯ ಶ್ರೇಷ್ಠ ಜುಗಲ್‌ಬಂದಿ ಯಾವುದೆಂದರೆ ನಾನೂ ಇದನ್ನು ತೋರಿಸುವುದಿಲ್ಲ. ಗುರು ಅಲ್ಲಾವುದ್ದೀನ್ ಖಾನರು ತೀರಿಕೊಂಡ ಮರುತಿಂಗಳು ಇಬ್ಬರೂ ನ್ಯೂಯಾರ್ಕಿನಲ್ಲೇ ನುಡಿಸಿದ ‘ಇನ್ ಕಾನ್ಸರ್ಟ್ 1972’ ಇದಕ್ಕಿಂತ ಎಷ್ಟೋ ಆಳವಾದದ್ದು. ಆದರೆ ಅವರು ಇಲ್ಲಿ ಯಾವ ದೊಡ್ಡ ರಾಗವನ್ನೂ ಕತ್ತರಿಸಿ ಕುಗ್ಗಿಸಲಿಲ್ಲ. ಜನಪದ ಮಟ್ಟಿಗೆ ಹತ್ತಿರವಾದ ಧುನ್ ಆರಿಸಿಕೊಂಡರು. ಅದರ ಅಳತೆಯೇ ಅಷ್ಟು. ತೋರಣದ ಮಾತಿಗೂ ಉತ್ತರವಿದೆ. ಅಲಿ ಅಕ್ಬರ್ ಹುಟ್ಟಿದ್ದು ಪೂರ್ವ ಬಂಗಾಳದಲ್ಲಿ, ರವಿಶಂಕರರ ಪೂರ್ವಿಕರ ನೆಲವೂ ಅದೇ. 1970ರ ನವೆಂಬರಿನ ಚಂಡಮಾರುತ, ಅದರ ಹಿಂದೆಯೇ ಪಾಕಿಸ್ತಾನಿ ಸೇನೆಯ ದಮನ, ಭಾರತದ ಗಡಿ ದಾಟಿದ ಲಕ್ಷಾಂತರ ನಿರಾಶ್ರಿತರು: ಇದನ್ನೆಲ್ಲ ಹ್ಯಾರಿಸನ್ ಮುಂದಿಟ್ಟು ನೆರವು ಕೇಳಿದವರೇ ರವಿಶಂಕರ್. ನೊಂದವರ ಪೈಕಿಯವರೇ ಮೊದಲು ನುಡಿಸಿದರು, ತಾರೆಗಳು ಆಮೇಲೆ ಬಂದರು. ಕಾರ್ಯಕ್ರಮಕ್ಕೆ ಇದ್ದ ಕಾರಣ ಭಾಷಣಕ್ಕಿಂತ ಸ್ಪಷ್ಟವಾಗಿ ಈ ಅನುಕ್ರಮದಲ್ಲೇ ಕೇಳಿಸುತ್ತದೆ.

ಉಳಿದ ಐದು ಬದಿಗಳಲ್ಲೂ ಇದೇ ಶಿಸ್ತು. ಕ್ಲಾಪ್ಟನ್ ಹೆಚ್ಚು ಹೊತ್ತು ಪಕ್ಕವಾದ್ಯದವರಾಗಿಯೇ ಇದ್ದಾರೆ. ರಿಂಗೋ ಜತೆ ಜಿಮ್ ಕೆಲ್ಟ್ನರ್ ಎರಡನೆಯ ಡ್ರಮ್ಸ್ ನುಡಿಸಿದರೂ ಲಯ ಎಲ್ಲೂ ಗಿಜಿಗುಡುವುದಿಲ್ಲ. ‘ಹಿಯರ್ ಕಮ್ಸ್ ದ ಸನ್’ಗೆ ಅಷ್ಟು ದೊಡ್ಡ ವಾದ್ಯವೃಂದ ಸುಮ್ಮನಾಗುತ್ತದೆ, ಹ್ಯಾರಿಸನ್ ಮತ್ತು ಬ್ಯಾಡ್‌ಫಿಂಗರ್ ತಂಡದ ಪೀಟ್ ಹ್ಯಾಮ್ ಅವರ ಎರಡು ಗಿಟಾರ್‌ಗಳಷ್ಟೇ ಸಾಕಾಗುತ್ತವೆ. ಐದನೆಯ ಬದಿ ಪೂರ್ತಿ ಡಿಲನ್‌ದು. ವರ್ಷಗಳಿಂದ ವೇದಿಕೆಗೆ ಅಪರೂಪವಾಗಿದ್ದ ಅವರ ಹಿಂದೆ ಹ್ಯಾರಿಸನ್ ಗಿಟಾರ್ ಹಿಡಿದರೆ, ಪಿಯಾನೊ ಬಿಟ್ಟು ಬಂದ ರಸೆಲ್ ಬೇಸ್ ಹಿಡಿದಿದ್ದಾರೆ. ಜಗತ್ತಿನ ಅತ್ಯಂತ ಪ್ರಸಿದ್ಧ ಡ್ರಮ್ಮರ್ ಕೈಯಲ್ಲಿ ಒಂದು ಟ್ಯಾಂಬೊರಿನ್!

ಒರಟುತನದ ದೂರೂ ಇದೆ. ರಿಂಗೋ ತಮ್ಮದೇ ಹಾಡಿನ ಸಾಲು ಮರೆತು ತಡವರಿಸುತ್ತಾರೆ. ಸಹನಿರ್ಮಾಪಕ ಫಿಲ್ ಸ್ಪೆಕ್ಟರ್‌ಗೆ ಪ್ರಿಯವಾದ ದಟ್ಟ ನಾದದಲ್ಲಿ ಕೆಲವು ವಾದ್ಯಗಳು ಮುಳುಗುತ್ತವೆ. ಏನನ್ನೂ ತಿದ್ದಿಲ್ಲ ಎಂದಲ್ಲ, ‘ವಾ-ವಾ’ ಎರಡೂ ಪ್ರದರ್ಶನಗಳ ತುಣುಕು ಸೇರಿಸಿ ಹೊಲಿದದ್ದು. ಆದರೂ ತಡವರಿಕೆಯನ್ನು ಅಳಿಸದೆ ಬಿಟ್ಟದ್ದನ್ನು ನಾನು ಮೆಚ್ಚುತ್ತೇನೆ. ಕೆಲವೇ ವಾರಗಳಲ್ಲಿ ಕಲೆಹಾಕಿದ ತಂಡ ಇದು, ಹಾಗೆಯೇ ಕೇಳಿಸಬೇಕು. ಗ್ರ್ಯಾಮಿಯವರೂ 1973ರಲ್ಲಿ ವರ್ಷದ ಆಲ್ಬಮ್ ಪ್ರಶಸ್ತಿಯನ್ನು ಇದಕ್ಕೇ ಕೊಟ್ಟರು.

ದುಡ್ಡಿನ ವಿಷಯಕ್ಕೆ ಬಂದರೆ ಸಮರ್ಥನೆ ಕಷ್ಟ. ಟಿಕೆಟ್ ಹಣ 2,43,418 ಡಾಲರ್ ಬೇಗನೆ ಯುನಿಸೆಫ್ ಸೇರಿತು. ಆದರೆ ಕಾರ್ಯಕ್ರಮಕ್ಕೆ ಮೊದಲೇ ಅದನ್ನು ಸಂಸ್ಥೆಯ ಹೆಸರಿಗೆ ಕಟ್ಟದ ಕಾರಣ ಅಮೆರಿಕದ ತೆರಿಗೆ ಇಲಾಖೆ ಧ್ವನಿಮುದ್ರಿಕೆಯ ಗಳಿಕೆಯ ಮೇಲೆ ಕಣ್ಣಿಟ್ಟು, ದೊಡ್ಡ ಮೊತ್ತವೊಂದು ವರ್ಷಗಟ್ಟಲೆ ಕೊಳೆಯಿತು. ಒಳ್ಳೆಯ ಮನಸ್ಸಿದ್ದರೂ ಒಬ್ಬ ಒಳ್ಳೆಯ ವಕೀಲನನ್ನು ಕೇಳಬೇಕಿತ್ತು. ಈ ತಪ್ಪು ಹ್ಯಾರಿಸನ್ ಬಳಗದ್ದೇ. ಪೆಟ್ಟಿಗೆ ಹೊರಬರಲು ಆದ ವಿಳಂಬದ ಹೊಣೆಯನ್ನು ಮಾತ್ರ ಧ್ವನಿಮುದ್ರಿಕೆ ಕಂಪನಿಗಳೂ ಹೊರಬೇಕು. ವಿತರಣೆಯ ಖರ್ಚು ಯಾರದೆಂದು ಕ್ಯಾಪಿಟಲ್ ಚೌಕಾಸಿಗಿಳಿಯಿತು. ಅದರ ಮುಖ್ಯಸ್ಥರು ಆಗ ತಿರುವನಂತಪುರ ಮೂಲದ ಭಾಸ್ಕರ್ ಮೆನನ್. ಅವರ ಮೇಲೆ ಹ್ಯಾರಿಸನ್ ಟಿವಿಯಲ್ಲೇ ಹರಿಹಾಯ್ದರು. ಡಿಲನ್ ತಮ್ಮವರೆಂದು ಕೊಲಂಬಿಯಾ ಕೂಡ ಪಾಲು ಕೇಳಿತು. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕ್ ಸೇನೆ ಶರಣಾಯಿತು. ಪೆಟ್ಟಿಗೆ ಅಮೆರಿಕದ ಅಂಗಡಿಗಳಿಗೆ ಬಂದದ್ದು ಅದಾದ ನಾಲ್ಕು ದಿನಕ್ಕೆ.