ಅಳತೆ ತಪ್ಪಿದ ಆಸರೆ

ಬಡವರಿಗೆ ಸರ್ಕಾರ ನೀಡುವ ನೆರವನ್ನು ಕುರಿತು ವರ್ತಕರ ನಡುವೆ ಕೇಳಿಬರುವ ಟೀಕೆ ಬಹುಮಟ್ಟಿಗೆ ಒಂದೇ ಜಾಡಿನದು: ಪುಕ್ಕಟೆ ಅಕ್ಕಿಯಿಂದ ಜನ ಸೋಮಾರಿಗಳಾದರು, ಕೂಲಿಗೆ ಆಳು ದೊರೆಯದಾಯಿತು ಎಂಬುದು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳನ್ನು ಒಮ್ಮೆ ಕಂಡವರು ಈ ಮಾತನ್ನು ಇಷ್ಟು ಸಲೀಸಾಗಿ ಆಡಲಾರರು. ಅಲ್ಲಿ ಕೂಲಿಯ ಲೆಕ್ಕ ಪೀಸಿಗಿಷ್ಟು ಎಂದು. ಕೈ ನಿಂತ ದಿನ ಸಂಪಾದನೆಯೂ ನಿಲ್ಲುತ್ತದೆ. ನೆರವಿನ ನಿಜವಾದ ದೋಷ ಅದರ ಅಳತೆಯಲ್ಲಿದೆ.

ಅಳತೆಯ ಪ್ರಶ್ನೆ ಬಳ್ಳಾರಿಗೆ ಹೊಸದೇನಲ್ಲ. 1876-78ರ ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ, ಅಂದು ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದ ಈ ಜಿಲ್ಲೆ ಅತ್ಯಂತ ನೊಂದ ಪ್ರದೇಶಗಳಲ್ಲೊಂದು. 1877ರ ಆರಂಭದಲ್ಲಿ ವೈಸರಾಯರ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ವೆಚ್ಚ ಹೆಚ್ಚಿತೆಂದು, ಪರಿಹಾರ ಕಾಮಗಾರಿಯ ಕೂಲಿಯನ್ನು ಆಳೊಬ್ಬನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ನಗದಿಗೆ ಇಳಿಸಿದನು. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು: ದುಡಿಯುವ ದೇಹ ಅಷ್ಟರಿಂದ ಉಳಿಯದು, ಬರಿಯ ಧಾನ್ಯ ಊಟವಾಗದು ಎಂದು. ಕೆಲವೇ ತಿಂಗಳಲ್ಲಿ ಮದ್ರಾಸು ಸರ್ಕಾರ ಪ್ರಮಾಣವನ್ನು ಏರಿಸಿ ಬೇಳೆಯನ್ನೂ ಸೇರಿಸಬೇಕಾಯಿತು. ಟೆಂಪಲ್‌ನ ಕಡಿತ ಆಜ್ಞೆಯ ಮೂಲಕ ಬಂದಿತು. ಆದುದರಿಂದಲೇ ಅದನ್ನು ಎದುರಿಸುವುದು ಸಾಧ್ಯವಾಯಿತು.

ಇಂದಿನ ಕಡಿತಕ್ಕೆ ಆಜ್ಞೆಯೇ ಬೇಕಿಲ್ಲ. ಕೇಂದ್ರದ ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಯ ಪಾಲು 2007ರಲ್ಲಿ ತಿಂಗಳಿಗೆ 200 ರೂಪಾಯಿ ಇತ್ತು. ಎಂಬತ್ತು ದಾಟದ ವೃದ್ಧರಿಗೆ ಇಂದಿಗೂ ಅಷ್ಟೇ. ರಾಜ್ಯದ ಸಂಧ್ಯಾ ಸುರಕ್ಷಾ ವೇತನ 2021ರಲ್ಲಿ 1,200 ರೂಪಾಯಿಗೆ ಏರಿತು. 2023ರ ಗೃಹಲಕ್ಷ್ಮಿಯ 2,000 ರೂಪಾಯಿ ಅನೇಕ ಮನೆಗಳ ಒಲೆ ಉರಿಸಿದೆ, ಇದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಆ ಮೊತ್ತವನ್ನು ಬೆಲೆಗೆ ಕಟ್ಟುವ ನಿಯಮವೊಂದೂ ಇಲ್ಲ. ಅದೇ ವರ್ಷ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿ ಹೊಂದಿಕೆಯಾಗದೆ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಪಾವತಿಯಾಯಿತು. ಸಿರುಗುಪ್ಪದ ಗಿರಣಿಯ ಸೋನಾ ಮಸೂರಿ ಆ ದರಕ್ಕೆ ಚಿಲ್ಲರೆಯಲ್ಲಿ ದೊರೆಯುವಂತಿರಲಿಲ್ಲ. ಭತ್ತದ ಕಣಜವೆನಿಸಿದ ತಾಲ್ಲೂಕಿನಲ್ಲಿಯೇ ಐದು ಕಿಲೋದ ಹಣ ಐದು ಕಿಲೋ ಅಕ್ಕಿಯನ್ನು ಕೊಳ್ಳಲಾರದಾಯಿತು. 2025ರ ಆರಂಭದಲ್ಲಿ ಹಣದ ಬದಲು ಅಕ್ಕಿಯೇ ಮರಳಿ ಬಂದುದು ಸರಿಯೇ. ಅದೇ ವರ್ಷದ ಅಕ್ಟೋಬರಿನಲ್ಲಿ ಸಚಿವ ಸಂಪುಟ ಆ ಐದು ಕಿಲೋದ ಬದಲು ಬೇಳೆ, ಎಣ್ಣೆಗಳ ಆಹಾರ ಕಿಟ್ ನೀಡಲು ತೀರ್ಮಾನಿಸಿತು. ಕಾರ್ನಿಷ್‌ರ ವಾದ ನೂರೈವತ್ತು ವರ್ಷ ಕಾಯಬೇಕಾಯಿತೇನೋ!

ಬೆಲೆಯೊಡನೆ ಹೆಜ್ಜೆ ಹಾಕುವ ವಿಧಾನ ಸರ್ಕಾರಕ್ಕೆ ತಿಳಿಯದ್ದಲ್ಲ. ನೌಕರರ ತುಟ್ಟಿಭತ್ಯೆ ಬೆಲೆ ಸೂಚ್ಯಂಕವನ್ನು ಅನುಸರಿಸಿ ವರ್ಷಕ್ಕೆ ಎರಡು ಬಾರಿ ಪರಿಷ್ಕರಣೆಗೊಳ್ಳುತ್ತದೆ. ನೌಕರನಿಗೆ ಸಲ್ಲುವ ನ್ಯಾಯ ಕುರುಗೋಡಿನ ನಿರ್ಗತಿಕ ವೃದ್ಧೆಗೇಕೆ ಸಲ್ಲದು? ಬೊಕ್ಕಸಕ್ಕೆ ಮಿತಿಯುಂಟೆಂಬ ಉತ್ತರ ಹುಸಿಯಲ್ಲ. ಹಾಗಿದ್ದಲ್ಲಿ ಕಡಿತವನ್ನು ಕಡಿತವೆಂದೇ ಕರೆದು ಶಾಸನಸಭೆಯಲ್ಲಿ ಚರ್ಚಿಸಬೇಕು. ಮೊತ್ತವನ್ನು ಹಾಗೆಯೇ ಬಿಟ್ಟು ಬೆಲೆಯ ಕೈಯಿಂದ ಅದನ್ನು ಕತ್ತರಿಸುವುದು, ತೂಕದ ಕಲ್ಲನ್ನು ಸವೆಯಬಿಟ್ಟು ವ್ಯಾಪಾರ ಮಾಡಿದಂತೆ. ಕಳ್ಳತೂಕವನ್ನು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸುವ ಸಮಾಜಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಸದಿಗಳ ಟ್ರಸ್ಟುಗಳಿಗಂತೂ ಈ ಸವೆತ ಚೆನ್ನಾಗಿ ಗೊತ್ತು. ಹಿಂದೊಮ್ಮೆ 1,001 ರೂಪಾಯಿಯ ಶಾಶ್ವತ ಪೂಜಾನಿಧಿ ಇಟ್ಟವರ ಹೆಸರಿನಲ್ಲಿ ಬರುವ ಬಡ್ಡಿ ಇಂದು ಒಂದು ದಿನದ ಕ್ಷೀರಾಭಿಷೇಕದ ಹಾಲಿಗೂ ಸಾಲದು. ಅದಕ್ಕಾಗಿಯೇ ಸೇವಾದರಗಳ ಫಲಕ ಆಗಾಗ್ಗೆ ಬದಲಾಗುತ್ತದೆ. ಆದರೆ ಬಡ ಶ್ರಾವಕ ಕುಟುಂಬಗಳಿಗೆ, ವಿಧವೆಯರಿಗೆ, ವಿದ್ಯಾರ್ಥಿಗಳಿಗೆ ಕೊಡುವ ಮಾಸಾಶನದ ಮೊತ್ತ ಎಷ್ಟು ಕಡೆ ಫಲಕದೊಡನೆ ಬದಲಾಗಿದೆ? ಸರ್ಕಾರವನ್ನು ಕೇಳುವ ಪ್ರಶ್ನೆಯನ್ನು ಮೊದಲು ತಮ್ಮ ಲೆಕ್ಕಪುಸ್ತಕಕ್ಕೆ ಕೇಳಿಕೊಳ್ಳುವುದು ಟ್ರಸ್ಟಿಗಳಿಗೆ ಕಷ್ಟವಲ್ಲ. ಪೂಜಾದರ ಪರಿಷ್ಕರಿಸುವ ಸಭೆಯಲ್ಲಿಯೇ ಮಾಸಾಶನದ ಬಾಬನ್ನೂ ತೆರೆಯಬಹುದು. ಅದಕ್ಕೆ ಬೇಕಾಗುವುದು ಕಿರಾಣಿ ಅಂಗಡಿಯ ಎರಡು ಚೀಟಿ: ಆ ಮೊತ್ತ ನಿಗದಿಯಾದ ವರ್ಷದ್ದೊಂದು, ಈ ವರ್ಷದ್ದೊಂದು.