ಗೌರವ ಖಡ್ಗ ಏನನ್ನು ಅಳೆಯುತ್ತದೆ

ಸೇನಾಧಿಕಾರಿಯ ಹುದ್ದೆಗೆ ತರಬೇತಿ ಪಡೆಯುವ ಯುವಕ ಯುವತಿಯರನ್ನು ಕೆಡೆಟ್‌ಗಳೆಂದೂ, ತರಬೇತಿಯ ಕೊನೆಯಲ್ಲಿ ಅವರು ನಡೆಸುವ ಕವಾಯತನ್ನು ಪಾಸಿಂಗ್ ಔಟ್ ಪರೇಡ್ ಎಂದೂ ಕರೆಯುತ್ತಾರೆ. ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಯಲ್ಲಿ ಈ ಸಂದರ್ಭದಲ್ಲಿ ಸರ್ವಾಂಗೀಣವಾಗಿ ಶ್ರೇಷ್ಠನೆನಿಸಿದ ಕೆಡೆಟ್‌ಗೆ ‘ಸ್ವೋರ್ಡ್ ಆಫ್ ಆನರ್’, ಅಂದರೆ ಗೌರವ ಖಡ್ಗವನ್ನೂ, ಒಟ್ಟು ಅರ್ಹತಾ ಪಟ್ಟಿಯಲ್ಲಿ ಮೊದಲಿಗನಾದವನಿಗೆ ಚಿನ್ನದ ಪದಕವನ್ನೂ, ನಂತರದವರಿಗೆ ಬೆಳ್ಳಿ ಹಾಗೂ ಕಂಚಿನ ಪದಕಗಳನ್ನೂ ನೀಡಲಾಗುತ್ತದೆ. ಖಡ್ಗವೂ ಚಿನ್ನದ ಪದಕವೂ ಒಬ್ಬನಿಗೇ ಸಲ್ಲಬೇಕೆಂಬ ನಿಯಮವಿಲ್ಲ. ಅಂಕಗಳ ಮೊತ್ತ ಮತ್ತು ವ್ಯಕ್ತಿತ್ವದ ಸಮಗ್ರತೆ ಬೇರೆ ಬೇರೆ ಸಂಗತಿಗಳೆಂಬ ಒಪ್ಪಿಗೆ ಈ ಏರ್ಪಾಟಿನಲ್ಲೇ ಇದೆ. ಬ್ರಿಟನ್ನಿನ ಸ್ಯಾಂಡ್‌ಹರ್ಸ್ಟ್ ಅಕಾಡೆಮಿಯಲ್ಲಿಯೂ ಖಡ್ಗ ಬೇರೆ, ಅರಸೊತ್ತಿಗೆಯ ಹೆಸರಿನ ಪದಕ ಬೇರೆ.

ಮಾಣಿ–ಮೈಸೂರು ಹೆದ್ದಾರಿಯಲ್ಲಿ ಸುಳ್ಯಕ್ಕೂ ಸಂಪಾಜೆಗೂ ನಡುವೆ ಇರುವ ಅರಂತೋಡಿನಂಥ ಊರಿಗೆ ಈ ವಿಷಯ ದೂರದ್ದಲ್ಲ. ಸಂಪಾಜೆ ಘಾಟಿ ಹತ್ತಿದರೆ ಸೇನಾನಿಗಳಾದ ಕಾರ್ಯಪ್ಪ, ತಿಮ್ಮಯ್ಯನವರ ಕೊಡಗು. ಅರೆಭಾಷೆಯಾಡುವ ಗೌಡ ಮನೆತನಗಳ ನಂಟು ಘಾಟಿಯ ಎರಡೂ ಬದಿಗೆ ಹರಡಿದೆ, ಸೈನ್ಯಕ್ಕೆ ಸೇರುವುದು ಇಲ್ಲಿನ ಅನೇಕ ಮನೆಗಳಿಗೆ ಹೊಸತಲ್ಲ. ಕೊಡಗಿನ ಕೂಡಿಗೆಯಲ್ಲಿ 2007ರಿಂದ ಸೈನಿಕ ಶಾಲೆಯಿದೆ. ಕಾಸರಗೋಡು ದಾಟಿ ದಕ್ಷಿಣಕ್ಕೆ ಹೋದರೆ ಕಣ್ಣೂರು ಜಿಲ್ಲೆಯ ಏಳಿಮಲೆಯಲ್ಲಿ ನೌಕಾಪಡೆಯ ಅಕಾಡೆಮಿಯಿದೆ. ಎನ್‌ಸಿಸಿಯ ‘ಸಿ’ ಪ್ರಮಾಣಪತ್ರ ಪಡೆದ ಪದವೀಧರರು ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಆಯ್ಕೆ ಮಂಡಳಿಯ ಸಂದರ್ಶನಕ್ಕೆ ಹೋಗಬಹುದಾದ ವಿಶೇಷ ದಾರಿಯೂ ಇರುವುದರಿಂದ, ಈ ಪುರಸ್ಕಾರಗಳ ಅರ್ಥವೇನೆಂದು ಇಂಥ ಊರುಗಳಲ್ಲೇ ವಿಚಾರಿಸಬೇಕಾಗಿದೆ.

ಪುರಸ್ಕಾರದ ಪರವಾಗಿ ಹೇಳಬೇಕಾದದ್ದು ಸಾಕಷ್ಟಿದೆ. ಒಂದು ದಿನದ ಪರೀಕ್ಷೆಯಿಂದಲ್ಲದೆ, ಕವಾಯತು, ದೈಹಿಕ ಸಾಮರ್ಥ್ಯ, ಶಸ್ತ್ರಾಭ್ಯಾಸ, ಯುದ್ಧತಂತ್ರ, ಪಠ್ಯ, ಮುಂದಾಳುತನ ಇವೆಲ್ಲವನ್ನೂ ತಿಂಗಳುಗಟ್ಟಲೆ ಗಮನಿಸಿ ಕೊಡುವ ಗೌರವವಾದುದರಿಂದ ಅದು ಆಕಸ್ಮಿಕವಾಗಿ ಕೈಗೆ ಬರುವಂಥದ್ದಲ್ಲ. ಚೆನ್ನೈನ ಅಧಿಕಾರಿ ತರಬೇತಿ ಅಕಾಡೆಮಿಯಲ್ಲಿ 2010ರಲ್ಲಿ ದಿವ್ಯಾ ಅಜಿತ್ ಕುಮಾರ್ ಅವರು ಗೌರವ ಖಡ್ಗ ಪಡೆದ ಮೊದಲ ಮಹಿಳೆಯಾದಾಗ, ಮಹಿಳೆಯರ ಯೋಗ್ಯತೆಯ ಕುರಿತು ಆಗ ನಡೆಯುತ್ತಿದ್ದ ಎಷ್ಟೋ ವಾದಗಳಿಗೆ ಆ ಖಡ್ಗವೇ ಉತ್ತರವಾಯಿತು. 1978ರಲ್ಲಿ ಡೆಹ್ರಾಡೂನಿನಿಂದ ಖಡ್ಗದೊಡನೆ ಹೊರಬಂದ ಬಿಪಿನ್ ರಾವತ್ ಅವರು ಮುಂದೆ ಭೂಸೇನೆಯ ಮುಖ್ಯಸ್ಥರೂ ದೇಶದ ಮೊದಲ ರಕ್ಷಣಾ ಪಡೆಗಳ ಮುಖ್ಯಸ್ಥರೂ ಆದರು. ಭಾರತದ ಮಾನವಸಹಿತ ಬಾಹ್ಯಾಕಾಶ ಯೋಜನೆಯಾದ ಗಗನಯಾನಕ್ಕಾಗಿ ಆಯ್ಕೆಯಾಗಿ 2024ರ ಫೆಬ್ರುವರಿಯಲ್ಲಿ ಹೆಸರು ಪ್ರಕಟವಾದ ನಾಲ್ವರು ವಾಯುಪಡೆಯ ಪೈಲಟ್‌ಗಳಲ್ಲಿ ಪ್ರಶಾಂತ್ ಬಾಲಕೃಷ್ಣನ್ ನಾಯರ್ ಮತ್ತು ಅಜಿತ್ ಕೃಷ್ಣನ್ ಇಬ್ಬರೂ ವಾಯುಪಡೆಯ ಅಕಾಡೆಮಿಯಲ್ಲಿ ಖಡ್ಗ ಪಡೆದವರು. ಕಲಿಕೆಯ ಶಿಸ್ತು ಮತ್ತು ಕೌಶಲವನ್ನು ಗುರುತಿಸುವ ವಿಷಯದಲ್ಲಿ ಈ ಅಳತೆಗೋಲು ನಂಬಬಹುದಾದದ್ದೆಂಬುದಕ್ಕೆ ಇವು ಸಾಕ್ಷಿ.

ಆದರೆ ಅಳತೆ ತರಬೇತಿಯದು, ಯುದ್ಧದ್ದಲ್ಲ. ಇಂದೋರಿನ ಕೆಡೆಟ್ ಕಾಲೇಜಿನಿಂದ 1919ರಲ್ಲಿ ಅಧಿಕಾರಿಯಾಗಿ ಹೊರಬಂದ ಕೆ.ಎಂ. ಕಾರ್ಯಪ್ಪನವರು ತಮ್ಮ ತರಗತಿಯಲ್ಲಿ ಏಳನೆಯವರು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು ಅವರೇ. ಅಮೆರಿಕದ ವೆಸ್ಟ್ ಪಾಯಿಂಟ್ ಅಕಾಡೆಮಿಯ 1915ರ ತರಗತಿಯಲ್ಲಿ, ಮುಂದೆ ಹೆಸರಾಂತ ಸೇನಾನಾಯಕರಾದ ಐಸೆನ್‌ಹೋವರ್ 164 ಮಂದಿಯಲ್ಲಿ 61ನೆಯವರಾಗಿದ್ದರು. ಇದಕ್ಕಿಂತ ಹತ್ತಿರದ, ಹೆಚ್ಚು ಯೋಚನೆಗೆ ಹಚ್ಚುವ ಉದಾಹರಣೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರದು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಅವರು ಮೀಸಲು ಪೈಲಟ್ ಆಗಿ ನಿಯುಕ್ತರಾಗಿದ್ದವರು; ತಂಡದಲ್ಲಿ ಸ್ಥಾನ ತೆರವಾದಾಗ ಹೊರಟು, ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನದೊಡನೆ ಸೆಣಸಿ ಅದನ್ನು ಉರುಳಿಸಿ, ಹಿಂದಿರುಗಲಿಲ್ಲ. ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ, ಎಂದರೆ 23 ವರ್ಷಗಳ ಅನಂತರ. ಶೌರ್ಯದ ಗೌರವಕ್ಕೆ ಒಂದು ಕೃತ್ಯ ಆಧಾರ, ಆ ಕೃತ್ಯವನ್ನು ವಿವರಿಸುವ ಪ್ರಶಂಸಾ ಬರಹ ಅದರ ಜೊತೆಗಿರುತ್ತದೆ. ಅಕಾಡೆಮಿಯ ಪದಕಕ್ಕೆ ಆಧಾರ ಇನ್ನೂ ನಡೆಯಬೇಕಾದ ಬದುಕಿನ ಬಗೆಗಿನ ಒಂದು ಅಂದಾಜು ಮಾತ್ರ. ಸಮಾಜ ಇವೆರಡನ್ನೂ ಒಂದೇ ತೂಕದಲ್ಲಿ ನೋಡುವುದು ಸರಿಯಲ್ಲ.

ಇನ್ನೊಂದು ಕೊರತೆ ಹೆಚ್ಚು ಗಂಭೀರವಾದದ್ದು. ಸೈನಿಕ ಶಾಲೆಯಲ್ಲಿ ವರ್ಷಗಟ್ಟಲೆ ಕವಾಯತು ಮಾಡಿ, ಇಂಗ್ಲಿಷಿನಲ್ಲಿ ಓದಿ, ಈಜು ಮತ್ತು ಅಡೆತಡೆ ಓಟಗಳಲ್ಲಿ ಪಳಗಿ ಬಂದವನೂ, ಕನ್ನಡ ಮಾಧ್ಯಮದಲ್ಲಿ ಓದಿ ತೋಟದ ಮನೆಯಿಂದ ಹೊರಟವನೂ ಅಕಾಡೆಮಿಯ ಬಾಗಿಲಲ್ಲಿ ಒಂದೇ ಗೆರೆಯ ಮೇಲೆ ನಿಲ್ಲುವುದಿಲ್ಲ. ಪುರಸ್ಕಾರ ಮಾತ್ರ ಕೊನೆಯ ಗೆರೆಯನ್ನು ಯಾರು ಮೊದಲು ಮುಟ್ಟಿದರೆಂದು ನೋಡುತ್ತದೆಯೇ ಹೊರತು ಯಾರು ಹೆಚ್ಚು ದೂರ ಕ್ರಮಿಸಿದರೆಂದು ನೋಡುವುದಿಲ್ಲ. ಖಡ್ಗ ಮತ್ತು ಮೂರು ಪದಕಗಳ ಈ ಪ್ರಧಾನ ಸಾಲಿನಲ್ಲಿ ಆ ದೂರಕ್ಕೆಂದು ಮೀಸಲಾದ ಗೌರವವಿಲ್ಲ. ಸಾಮಾನ್ಯ ಸೈನಿಕರಾಗಿ ಸೇರಿದವರು ಅಧಿಕಾರಿಗಳಾಗಲು ಓದುವ ಆರ್ಮಿ ಕೆಡೆಟ್ ಕಾಲೇಜು ಡೆಹ್ರಾಡೂನಿನ ಅಕಾಡೆಮಿಯ ಆವರಣದಲ್ಲೇ ಇದ್ದು, ಅಲ್ಲಿ ಪ್ರತ್ಯೇಕ ಪದಕಗಳೂ ಇವೆ. ಆದರೂ ಬ್ಯಾರಕ್ಕಿನಿಂದ ಅಧಿಕಾರಿಯ ಹುದ್ದೆಗೆ ಏರಿದವರ ಆ ಸಾಧನೆಗೆ ಸುದ್ದಿಯಲ್ಲಿ ಖಡ್ಗದ ಪಕ್ಕದ ಸ್ಥಾನ ಸಿಗುವುದು ಅಪರೂಪ.

1932ರ ಡಿಸೆಂಬರ್ 10ರಂದು ಡೆಹ್ರಾಡೂನಿನ ಅಕಾಡೆಮಿಯನ್ನು ಉದ್ಘಾಟಿಸಿದ ಆಗಿನ ಮಹಾದಂಡನಾಯಕ ಫಿಲಿಪ್ ಚೆಟ್‌ವುಡ್ ಅವರು ದೇಶವನ್ನು ಮೊದಲಿಗೂ, ಕೈಕೆಳಗಿನ ಸೈನಿಕರ ಕ್ಷೇಮವನ್ನು ಅನಂತರಕ್ಕೂ, ಸ್ವಂತ ಸುಖವನ್ನು ಕೊನೆಗೂ ಇಟ್ಟು ಹೇಳಿದ ಮಾತೇ ಇಂದಿಗೂ ಅಲ್ಲಿನ ಕೆಡೆಟ್‌ಗಳಿಗೆ ಆದರ್ಶ. ತನ್ನನ್ನು ಕೊನೆಗೆ ಇಟ್ಟುಕೊಳ್ಳಲು ಕಲಿಸುವ ಸಂಸ್ಥೆ ತನ್ನ ಅತ್ಯುನ್ನತ ಗೌರವವನ್ನು ಒಬ್ಬ ವ್ಯಕ್ತಿಗೆ ಕೊಡುವುದರಲ್ಲಿ ಒಂದು ಬಿಕ್ಕಟ್ಟಿದೆ, ಮತ್ತು ಅಕಾಡೆಮಿಗಳಿಗೆ ಅದರ ಅರಿವಿಲ್ಲವೆಂದು ಹೇಳಲಾಗದು. ಡೆಹ್ರಾಡೂನಿನಲ್ಲಿ ಒಟ್ಟಾರೆ ಮುಂದಿರುವ ಕಂಪನಿಗೆ, ಅಂದರೆ ಕೆಡೆಟ್‌ಗಳ ಒಂದು ದೊಡ್ಡ ತಂಡಕ್ಕೆ, ಸೇನಾ ಮುಖ್ಯಸ್ಥರ ಧ್ವಜ ಸಲ್ಲುತ್ತದೆ. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲೂ ಅಗ್ರ ಸ್ಕ್ವಾಡ್ರನ್‌ಗೆ ಇಂಥದೇ ಧ್ವಜವಿದೆ. ದಣಿದ ಸಹಪಾಠಿಯ ಹೊರೆಯನ್ನು ತಾನು ಹೊತ್ತು ತನ್ನ ಓಟದ ಸಮಯವನ್ನು ಕಳೆದುಕೊಂಡವನ ಪಾಲು ಕಾಣಿಸಿಕೊಳ್ಳುವುದಾದರೆ ಈ ಧ್ವಜದಲ್ಲೇ ಹೊರತು ಖಡ್ಗದಲ್ಲಲ್ಲ. ಆದುದರಿಂದ ಇವೆರಡರಲ್ಲಿ ಸೇನೆಯ ಸ್ವಭಾವಕ್ಕೆ ಹೆಚ್ಚು ಹೊಂದುವ ಗೌರವ ಧ್ವಜವೇ. ಪತ್ರಿಕೆಗಳು ಅದನ್ನು ಕೊನೆಯ ಸಾಲಿಗೆ ತಳ್ಳುವುದು ವಿಷಾದದ ಸಂಗತಿ.

ಇಷ್ಟೆಲ್ಲ ಹೇಳಿದ ಮೇಲೂ ಖಡ್ಗವನ್ನು ಕೈಬಿಡಬೇಕೆಂಬ ವಾದಕ್ಕೆ ಬಲವಿಲ್ಲ, ಏಕೆಂದರೆ ಉತ್ಕೃಷ್ಟತೆಗೆ ಒಂದು ಕಾಣುವ ಗುರುತು ಇಲ್ಲದಿದ್ದರೆ ತರಬೇತಿಯ ಬಿಗಿ ಸಡಿಲವಾಗುತ್ತದೆ. ತಿದ್ದುಪಡಿ ಬೇಕಾದದ್ದು ಎರಡು ಕಡೆ. ಅಧಿಕೃತ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ಪದಕ ಮತ್ತು ಹೆಸರು ಮಾತ್ರ ಇರುತ್ತವೆ. ಶೌರ್ಯ ಪ್ರಶಸ್ತಿಗಿರುವಂತೆ, ಯಾವ ಗುಣಕ್ಕಾಗಿ, ಯಾವ ನಡತೆಗಾಗಿ ಈ ಆಯ್ಕೆಯಾಯಿತೆಂದು ತಿಳಿಸುವ ನಾಲ್ಕು ಸಾಲುಗಳನ್ನು ಅಕಾಡೆಮಿಗಳು ಸೇರಿಸಿದರೆ ಪುರಸ್ಕಾರದ ತೂಕವೂ ಹೆಚ್ಚುತ್ತದೆ, ಮುಂದಿನ ಕೆಡೆಟ್‌ಗೆ ದಾರಿಯೂ ಕಾಣುತ್ತದೆ. ಎರಡನೆಯದು ಊರಿನ ಕೆಲಸ. ಅರಂತೋಡು, ಸುಳ್ಯ, ಸಂಪಾಜೆಗಳ ಸಂಘ ಸಂಸ್ಥೆಗಳೂ ಕಾಲೇಜುಗಳೂ ಮುಂದಿನ ಸನ್ಮಾನ ಸಮಾರಂಭವನ್ನು ಏರ್ಪಡಿಸುವಾಗ ಪದಕ ತಂದವರ ಜೊತೆಗೆ, ಸಿಪಾಯಿಯಾಗಿ ಸೇರಿ ಅಧಿಕಾರಿಯಾದವರನ್ನೂ, ಪದಕವಿಲ್ಲದೆ ಪೂರ್ಣಾವಧಿ ಸೇವೆ ಸಲ್ಲಿಸಿ ನಿವೃತ್ತರಾದವರನ್ನೂ ಅದೇ ವೇದಿಕೆಗೆ ಕರೆಯಬೇಕು.